ಆದಾಯದ ಅಸಮಾನತೆ ಅಳೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ವಿದ್ಯಾರ್ಥಿಗಳು, ಪತ್ರಕರ್ತರು, ಹಳ್ಳಿಗಳಲ್ಲಿ ಸಂಘಟನೆ ಕಟ್ಟುವ ಗೆಳೆಯರು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ಇಟ್ಟಿದ್ದೇನೆ. ಸುಲಭದ್ದು ಮೊದಲು, ಕಷ್ಟದ್ದು ಆಮೇಲೆ. ನಿಮಗೆ ಬೇಕಾದ ಒಂದನ್ನೇ ಓದಿದರೂ ಅರ್ಥವಾಗುತ್ತದೆ. ಒಂದು ಉದಾಹರಣೆ ಮಾತ್ರ ನೆನಪಿರಲಿ, ಹಲವು ಉತ್ತರಗಳಲ್ಲಿ ಅದೇ ಬರುತ್ತದೆ. ಒಂದು ಬೀದಿಯಲ್ಲಿ ಐದು ಮನೆ ಇವೆ. ತಿಂಗಳ ಆದಾಯ 8,000, 12,000, 15,000, 25,000 ಮತ್ತು 40,000 ರೂಪಾಯಿ. ಒಟ್ಟು ಒಂದು ಲಕ್ಷ.

## ಬುಡದಿಂದ

ತಲಾ ಆದಾಯ ಏರ್ತಾ ಇದೆಯಲ್ಲ, ಅದು ಸಾಲದಾ? ಅಸಮಾನತೆ ಅಂತ ಬೇರೆ ಯಾಕೆ ಅಳೀಬೇಕು?

ಸಾಲದು. ನಮ್ಮ ಬೀದಿಯ ಸರಾಸರಿ 20,000. ಆದರೆ ಐದರಲ್ಲಿ ಮೂರು ಮನೆ ಅದಕ್ಕಿಂತ ಕೆಳಗಿವೆ. ಸರಿಯಾಗಿ ನಡುವೆ ಬರುವ ಮನೆಯ ಆದಾಯ, ಅಂದರೆ ಮಧ್ಯಾಂಕ, 15,000 ಮಾತ್ರ. ಈಗ ಕೊನೆಯ ಮನೆಯವರ ಆದಾಯ ಒಂದು ಲಕ್ಷ ಏರಿ 1,40,000 ಆಯಿತು ಅಂದುಕೊಳ್ಳಿ. ಸರಾಸರಿ ದುಪ್ಪಟ್ಟಾಗಿ 40,000ಕ್ಕೆ ಹೋಗುತ್ತದೆ. ಉಳಿದ ನಾಲ್ಕು ಮನೆಗೆ ಒಂದು ರೂಪಾಯಿಯೂ ಹೆಚ್ಚು ಬಂದಿಲ್ಲ. ಮಧ್ಯಾಂಕ 15,000ದಲ್ಲೇ ನಿಂತಿದೆ. ತಲಾ ಆದಾಯದ ಸುದ್ದಿ ಓದುವಾಗ ಮಧ್ಯಾಂಕ ಎಷ್ಟು ಅಂತ ಕೇಳುವ ಅಭ್ಯಾಸ ಮಾಡಿಕೊಳ್ಳಿ. ಬಹಳ ಸಲ ಆ ಅಂಕಿ ಪ್ರಕಟವೇ ಆಗಿರುವುದಿಲ್ಲ.

ಗಿನಿ ಅಂದ್ರೆ ಏನು ಸರ್, ಸೂತ್ರ ಬಿಟ್ಟು ಹೇಳಿ.

ಮೊದಲು ಲೊರೆಂಜ್ ರೇಖೆ. ಅಮೆರಿಕದ ಮ್ಯಾಕ್ಸ್ ಲೊರೆಂಜ್ 1905ರಲ್ಲಿ ಇದನ್ನು ಮುಂದಿಟ್ಟರು. ಜನರನ್ನು ಬಡವರಿಂದ ಶ್ರೀಮಂತರವರೆಗೆ ಸಾಲಾಗಿ ನಿಲ್ಲಿಸಿ. ಕೆಳಗಿನ ಶೇ. 20ರಷ್ಟು ಜನರಿಗೆ ಒಟ್ಟು ಆದಾಯದಲ್ಲಿ ಎಷ್ಟು ಪಾಲು, ಕೆಳಗಿನ ಶೇ. 40ಕ್ಕೆ ಎಷ್ಟು, ಹೀಗೆ ಕೂಡುತ್ತಾ ಹೋಗಿ ಗೆರೆ ಎಳೆಯಿರಿ. ನಮ್ಮ ಬೀದಿಯಲ್ಲಿ ಆ ಪಾಲುಗಳು ಶೇ. 8, 20, 35, 60, ಕೊನೆಗೆ 100. ಎಲ್ಲರಿಗೂ ಸಮಪಾಲು ಇದ್ದಿದ್ದರೆ 20, 40, 60, 80, 100 ಬರುತ್ತಿತ್ತು, ಗೆರೆ ನೇರವಾಗಿರುತ್ತಿತ್ತು. ಅಸಮಾನತೆ ಇದ್ದಷ್ಟೂ ಗೆರೆ ಕೆಳಗೆ ಬಾಗುತ್ತದೆ. ಇಟಲಿಯ ಕೊರಾಡೊ ಗಿನಿ 1912ರಲ್ಲಿ ಕೊಟ್ಟ ಅಳತೆ ಹೇಳುವುದು ಈ ಬಾಗು ಎಷ್ಟು ಅಂತ. ಪೂರ್ತಿ ಸಮಾನತೆ ಇದ್ದರೆ 0. ಎಲ್ಲವೂ ಒಬ್ಬರ ಕೈಯಲ್ಲೇ ಇದ್ದರೆ 1ರ ಹತ್ತಿರ. ಕೆಲವರು ನೂರರಿಂದ ಗುಣಿಸಿ ಬರೆಯುತ್ತಾರೆ. 0.308 ಅಂದರೂ 30.8 ಅಂದರೂ ಒಂದೇ.

ಕೈಯಲ್ಲೇ ಲೆಕ್ಕ ಹಾಕಿ ತೋರಿಸ್ತೀರಾ?

ಖಂಡಿತ. ಬೀದಿಯಲ್ಲಿ ಎಷ್ಟು ಜೋಡಿ ಮನೆಗಳಿವೆ? ಹತ್ತು. ಪ್ರತಿ ಜೋಡಿಯ ಆದಾಯದ ಅಂತರ ಬರೆಯಿರಿ. ಸಾವಿರಗಳಲ್ಲಿ: 4, 7, 17, 32, 3, 13, 28, 10, 25, 15. ಕೂಡಿದರೆ 154. ಇದನ್ನು ಮನೆಗಳ ಸಂಖ್ಯೆಯ ವರ್ಗದಿಂದ, ಅಂದರೆ 25ರಿಂದ, ಆಮೇಲೆ ಸರಾಸರಿಯಾದ 20ರಿಂದ ಭಾಗಿಸಿ. 0.308 ಬರುತ್ತದೆ. ಅದೇ ನಮ್ಮ ಬೀದಿಯ ಗಿನಿ. ಅಂದರೆ ಈ ಅಳತೆಯ ಒಳಗಿರುವುದು ಇಷ್ಟೇ: ಯಾವುದೋ ಇಬ್ಬರನ್ನು ಆರಿಸಿಕೊಂಡರೆ ಅವರ ನಡುವೆ ಸರಾಸರಿ ಎಷ್ಟು ಅಂತರ ಇರುತ್ತದೆ?

ಎಷ್ಟಿದ್ರೆ ಜಾಸ್ತಿ, ಎಷ್ಟಿದ್ರೆ ಕಡಿಮೆ?

ಗೆರೆ ಎಳೆದು ಹೇಳುವ ನಿಯಮ ಇಲ್ಲ. ವಿಶ್ವ ಬ್ಯಾಂಕಿನ ಪಟ್ಟಿಯಲ್ಲಿ ದಕ್ಷಿಣ ಆಫ್ರಿಕಾ 63ರ ಆಸುಪಾಸು, ಸ್ಲೊವಾಕಿಯಾ 24ರ ಆಸುಪಾಸು. ಬಹುತೇಕ ದೇಶಗಳು ಈ ಎರಡರ ನಡುವೆ ಬರುತ್ತವೆ. ಆದರೆ ಆ ಪಟ್ಟಿಯಲ್ಲಿ ಕೆಲವು ದೇಶಗಳ ಅಂಕಿ ಖರ್ಚಿನದ್ದು, ಕೆಲವು ದೇಶಗಳದ್ದು ಆದಾಯದ್ದು. ದಕ್ಷಿಣ ಆಫ್ರಿಕಾದ್ದು ಖರ್ಚು, ಸ್ಲೊವಾಕಿಯಾದ್ದು ಆದಾಯ. ಹಾಗಾಗಿ ಪಟ್ಟಿಯಲ್ಲಿ ಎಷ್ಟನೇ ಸ್ಥಾನ ಅಂತ ನೋಡುವ ಮೊದಲು ಅಳೆದದ್ದು ಏನು ಅಂತ ನೋಡಿ.

## ನಮ್ಮ ದೇಶದ ಅಂಕಿಗಳು

ಭಾರತದ ಗಿನಿ 25.5 ಅಂತ ಒಬ್ರು, 62 ಅಂತ ಇನ್ನೊಬ್ರು. ಯಾರು ಸುಳ್ಳು ಹೇಳ್ತಾ ಇದ್ದಾರೆ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಉತ್ತರ: ಎರಡೂ ಲೆಕ್ಕದಿಂದ ಬಂದ ಅಂಕಿಗಳೇ. ಅಳೆದ ವಸ್ತು ಬೇರೆ.

25.5 ಅನ್ನುವುದು ಮನೆಗಳ ಖರ್ಚಿನ ಗಿನಿ. 2022-23ರ ಕೌಟುಂಬಿಕ ಬಳಕೆ ವೆಚ್ಚ ಸಮೀಕ್ಷೆಯ ಆಧಾರದ ಮೇಲೆ ವಿಶ್ವ ಬ್ಯಾಂಕ್ 2025ರಲ್ಲಿ ಕೊಟ್ಟದ್ದು. 2011-12ರಲ್ಲಿ ಅದು 28.8 ಇತ್ತು. 62 ಅನ್ನುವುದು ಆದಾಯದ ಗಿನಿ. ದೇಶ ದೇಶಗಳ ಅಸಮಾನತೆಯ ಅಂಕಿ ಕೂಡಿಡುವ ವರ್ಲ್ಡ್ ಇನ್‌ಈಕ್ವಾಲಿಟಿ ಡೇಟಾಬೇಸ್‌ನ ಲೆಕ್ಕದಲ್ಲಿ ಅದು 2004ರಲ್ಲಿ 52 ಇದ್ದದ್ದು 2023ಕ್ಕೆ 62 ಆಗಿದೆ. ಕುತೂಹಲದ ಸಂಗತಿ ಏನೆಂದರೆ ವಿಶ್ವ ಬ್ಯಾಂಕಿನ ಅದೇ ಪುಟ್ಟ ವರದಿ ಈ ಎರಡನೇ ಅಂಕಿಯನ್ನೂ ಹೇಳಿದೆ. ದತ್ತಾಂಶದ ಮಿತಿಯಿಂದಾಗಿ ಖರ್ಚಿನ ಗಿನಿ ನಿಜಕ್ಕಿಂತ ಕಡಿಮೆ ಬಂದಿರಬಹುದು ಅಂತಲೂ ಎಚ್ಚರಿಸಿದೆ. ಸುದ್ದಿಯಲ್ಲಿ ಆ ಸಾಲುಗಳು ಉದುರಿಹೋದವು. ಭಾರತ ಜಗತ್ತಿನಲ್ಲೇ ಅತಿ ಸಮಾನ ದೇಶಗಳಲ್ಲಿ ನಾಲ್ಕನೆಯದು ಅನ್ನುವ ಮಾತು ಉಳಿಯಿತು.

ಖರ್ಚಿನ ಗಿನಿ ಯಾಕೆ ಚಿಕ್ಕದು? ತಿಂಗಳಿಗೆ 8,000 ದುಡಿಯುವ ಮನೆ ಪೂರ್ತಿ ಹಣ ಖರ್ಚು ಮಾಡುತ್ತದೆ, ಕೆಲವು ತಿಂಗಳು ಸಾಲ ಮಾಡಿ ಅದಕ್ಕೂ ಹೆಚ್ಚು. ಹತ್ತು ಲಕ್ಷ ದುಡಿಯುವ ಮನೆ ದೊಡ್ಡ ಪಾಲನ್ನು ಷೇರು, ಸೈಟು, ಚಿನ್ನಕ್ಕೆ ಹಾಕುತ್ತದೆ. ಆ ಹಣ ಬಳಕೆಯ ಲೆಕ್ಕಕ್ಕೆ ಬರುವುದೇ ಇಲ್ಲ. ಕೆಳಗಿನ ತುದಿ ಮೇಲೇಳುತ್ತದೆ, ಮೇಲಿನ ತುದಿ ಕುಗ್ಗುತ್ತದೆ. ಹೀಗಾಗಿ ಭಾರತದ ಖರ್ಚಿನ ಗಿನಿಯನ್ನು ಸ್ಲೊವೇನಿಯಾದ ಆದಾಯದ ಗಿನಿ ಪಕ್ಕ ಇಟ್ಟು ಹೋಲಿಸಿದರೆ ಅದು ತಪ್ಪು ಹೋಲಿಕೆ. ಇದನ್ನು ಎಷ್ಟು ಸಲ ಹೇಳಿದರೂ ಕಡಿಮೆಯೇ.

62ರ ಅಂಕಿಗೂ ಮಿತಿಗಳಿವೆ. ಅದು ತೆರಿಗೆಗೆ ಮುಂಚಿನ ಆದಾಯ. ತೆರಿಗೆ ದಾಖಲೆ, ಸಮೀಕ್ಷೆ, ರಾಷ್ಟ್ರೀಯ ಲೆಕ್ಕಪತ್ರ ಮೂರನ್ನೂ ಸೇರಿಸಿ ಅಂದಾಜು ಮಾಡಿದ್ದು. ಖರ್ಚಿನಿಂದ ಆದಾಯವನ್ನು ಊಹಿಸಿಕೊಳ್ಳುವ ಹಂತವೂ ಅದರಲ್ಲಿದೆ. ಆ ಊಹೆ ಬದಲಾದರೆ ಅಂಕಿಯೂ ಸ್ವಲ್ಪ ಅಲ್ಲಾಡುತ್ತದೆ. ಆದರೆ ನೇರವಾಗಿ ಆದಾಯವನ್ನೇ ಕೇಳಿದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ, 2004-05ರಲ್ಲೂ 2011-12ರಲ್ಲೂ, ಗಿನಿ 0.5ಕ್ಕಿಂತ ಮೇಲೆಯೇ ಬಂದಿತ್ತು. ಆದಾಯ ಅಂತ ಕೇಳಿದರೆ ನಾನು ಈ ಕಡೆಯ ಅಂಕಿಗಳನ್ನೇ ನಂಬುತ್ತೇನೆ.

ಆದಾಯನೇ ಕೇಳಬಹುದಲ್ವಾ? ಖರ್ಚು ಯಾಕೆ ಕೇಳ್ತಾರೆ?

ಸಂಬಳದವರಿಗೆ ತಿಂಗಳಿಗೆ ಇಷ್ಟು ಅಂತ ಗೊತ್ತಿರುತ್ತದೆ. ಆದರೆ ರಾಗಿ ಬೆಳೆಯುವವರು, ತಳ್ಳುಗಾಡಿಯವರು, ದಿನಗೂಲಿಯವರು ಏನು ಹೇಳಬೇಕು? ಬೆಳೆ ವರ್ಷಕ್ಕೊಂದು ಸಲ ಕೈಗೆ ಬರುತ್ತದೆ. ಬೀಜ, ಗೊಬ್ಬರ, ಕೂಲಿ, ಬಡ್ಡಿ ಕಳೆಯಬೇಕು. ಮನೆಗೆ ಇಟ್ಟುಕೊಂಡ ಕಾಳಿಗೆ ಬೆಲೆ ಕಟ್ಟಬೇಕು. ತೆರಿಗೆಯವರು ಬಂದರೇನೋ ಅಂತ ಹೆದರಿ ಮುಚ್ಚಿಡುವವರೂ ಇರುತ್ತಾರೆ. ಎಣ್ಣೆ, ತರಕಾರಿ, ಶಾಲೆ ಶುಲ್ಕ ಎಷ್ಟಾಯಿತು ಅಂದರೆ ಜನ ಬಾಯಿಬಿಟ್ಟು ಹೇಳುತ್ತಾರೆ. ಖರ್ಚು ತಿಂಗಳಿಂದ ತಿಂಗಳಿಗೆ ಅಷ್ಟು ಏರುಪೇರಾಗುವುದಿಲ್ಲ, ಬಡತನ ಅಳೆಯಲು ಅದು ಒಳ್ಳೆಯದು ಕೂಡ. ಅದಕ್ಕೇ 1950ರಲ್ಲಿ ರಾಷ್ಟ್ರೀಯ ಮಾದರಿ ಸಮೀಕ್ಷೆ ಶುರುವಾದಾಗಿಂದ ನಮ್ಮಲ್ಲಿ ಇದೇ ದಾರಿ. ದೇಶವ್ಯಾಪಿ ಕೌಟುಂಬಿಕ ಆದಾಯ ಸಮೀಕ್ಷೆಯನ್ನು 2026ರ ಫೆಬ್ರವರಿಯಿಂದ ನಡೆಸುವುದಾಗಿ ಅಂಕಿಅಂಶ ಸಚಿವಾಲಯ 2025ರಲ್ಲಿ ಪ್ರಕಟಿಸಿತು. ಬಹಳ ಹಿಂದೆಯೇ ಆಗಬೇಕಿದ್ದ ಕೆಲಸ ಇದು.

ನಮ್ಮನೆಗೆ ಯಾವ ಸಮೀಕ್ಷೆಯವರೂ ಬಂದಿಲ್ಲ. ಇದನ್ನೆಲ್ಲ ಹೇಗೆ ನಂಬೋದು?

2022-23ರಲ್ಲಿ 2,61,746 ಮನೆಗಳನ್ನು ಕೇಳಿದ್ದಾರೆ. ದೇಶದ ಮಟ್ಟದ ಅಂದಾಜಿಗೆ ಇದು ಧಾರಾಳ ಸಾಕು. ಚಿಂತೆ ಸಂಖ್ಯೆಯದ್ದಲ್ಲ, ಯಾರು ಬಾಗಿಲು ತೆರೆಯುತ್ತಾರೆ ಅನ್ನುವುದರದ್ದು. ಕಾವಲುಗಾರರಿರುವ ಅಪಾರ್ಟ್‌ಮೆಂಟು, ಬಂಗಲೆಗಳಲ್ಲಿ ಗಣತಿದಾರರು ಒಳಗೆ ಹೋಗುವುದೇ ಕಷ್ಟ. ಹೋದರೂ ಗಂಟೆಗಟ್ಟಲೆ ಕೂತು ಉತ್ತರ ಹೇಳುವವರು ಕಡಿಮೆ. ನಮ್ಮ ಬೀದಿಯ ಕೊನೆಯ ಮನೆಯ ನಿಜವಾದ ಆದಾಯ 1,40,000 ಇದ್ದು, ಅವರು 40,000 ಅಂತಷ್ಟೇ ಬರೆಸಿದರು ಅನ್ನಿ. ನಿಜವಾದ ಗಿನಿ 0.554. ವರದಿಯಲ್ಲಿ ಬರುವುದು 0.308. ಒಂದೇ ಒಂದು ಮನೆಯ ಉತ್ತರದಿಂದ ಇಷ್ಟು ವ್ಯತ್ಯಾಸ. ಇನ್ನೂ ಎರಡು ಲಕ್ಷ ಮನೆ ಸೇರಿಸಿದರೂ ಈ ದೋಷ ಹೋಗುವುದಿಲ್ಲ, ಯಾಕಂದ್ರೆ ಅಲ್ಲೂ ಅದೇ ಥರದವರು ತಪ್ಪಿಸಿಕೊಳ್ಳುತ್ತಾರೆ.

2011-12ಕ್ಕಿಂತ ಈಗ ಅಸಮಾನತೆ ಇಳಿದಿದೆ ಅಂತ ಬರೆಯಬಹುದಾ?

ಖರ್ಚಿನ ಅಸಮಾನತೆ ಇಳಿದಂತೆ ಕಾಣುತ್ತದೆ ಅಂತ ಬರೆಯಿರಿ, ಜೊತೆಗೆ ಸಮೀಕ್ಷೆಯ ವಿಧಾನ ಬದಲಾಗಿದೆ ಅಂತಲೂ ಬರೆಯಿರಿ. ಮೊದಲು ಒಂದೇ ಭೇಟಿಯಲ್ಲಿ ಎಲ್ಲ ಕೇಳುತ್ತಿದ್ದರು. 2022-23ರಲ್ಲಿ ಪ್ರಶ್ನಾವಳಿಯನ್ನು ಮೂರು ಭಾಗ ಮಾಡಿ ಮೂರು ಭೇಟಿಗಳಲ್ಲಿ ಕೇಳಿದರು. ವಸ್ತುಗಳ ಪಟ್ಟಿ 347ರಿಂದ 405ಕ್ಕೆ ಬೆಳೆಯಿತು. ಮನೆಗಳನ್ನು ಆರಿಸುವ ಕ್ರಮವೂ ಬದಲಾಯಿತು. ನಡುವೆ 2017-18ರ ಸಮೀಕ್ಷೆಯ ವರದಿಯನ್ನು ಗುಣಮಟ್ಟದ ಕಾರಣ ಕೊಟ್ಟು ಪ್ರಕಟಿಸಲೇ ಇಲ್ಲ. ಒಂದೇ ವಿಧಾನದ ಹೋಲಿಕೆ ಬೇಕಾದರೆ 2022-23 ಮತ್ತು 2023-24 ನೋಡಿ. ಹಳ್ಳಿಗಳ ಗಿನಿ 0.266ರಿಂದ 0.237ಕ್ಕೆ, ಪಟ್ಟಣಗಳದ್ದು 0.314ರಿಂದ 0.284ಕ್ಕೆ ಇಳಿದಿದೆ. ಒಂದೇ ವರ್ಷದಲ್ಲಿ ಇಷ್ಟು ಇಳಿತ ದೊಡ್ಡದು. ಜನಜೀವನ ಅಷ್ಟು ಬೇಗ ಬದಲಾಗಿರುವುದು ಕಷ್ಟ. ಇನ್ನೂ ಕೆಲವು ವರ್ಷದ ಅಂಕಿ ಬರುವವರೆಗೆ ನಾನು ಇದರ ಮೇಲೆ ದೊಡ್ಡ ತೀರ್ಮಾನ ಕಟ್ಟುವುದಿಲ್ಲ.

## ಗಿನಿಯಿಂದಾಚೆ

ಎರಡು ಊರಿನ ಗಿನಿ ಒಂದೇ ಇದ್ರೆ ಎರಡೂ ಒಂದೇ ಥರ ಅಲ್ವಾ?

ಅಲ್ಲ. ಒಂದು ಊರಿನಲ್ಲಿ ಅರ್ಧ ಜನರಿಗೆ ಒಟ್ಟು ಆದಾಯದ ಶೇ. 25, ಇನ್ನರ್ಧ ಜನರಿಗೆ ಶೇ. 75. ಎರಡೂ ಗುಂಪಿನ ಒಳಗೆ ಎಲ್ಲರೂ ಸಮ. ಇನ್ನೊಂದು ಊರಿನಲ್ಲಿ ಶೇ. 1ರಷ್ಟು ಜನರ ಹತ್ತಿರ ಶೇ. 26, ಉಳಿದ 99ರ ಹತ್ತಿರ ಶೇ. 74, ಅವರೆಲ್ಲ ಸಮ. ಎರಡೂ ಊರಿನ ಗಿನಿ ಸರಿಯಾಗಿ 0.25. ಮೊದಲನೆಯದರಲ್ಲಿ ಅರ್ಧ ಊರು ಹಿಂದೆ ಬಿದ್ದಿದೆ. ಎರಡನೆಯದರಲ್ಲಿ ಬೆರಳೆಣಿಕೆಯ ಜನ ಮೇಲೆ ಹಾರಿದ್ದಾರೆ. ಎರಡಕ್ಕೂ ಬೇಕಾದ ಪರಿಹಾರ ಬೇರೆ. ಲೊರೆಂಜ್ ರೇಖೆಗಳು ಒಂದನ್ನೊಂದು ಕತ್ತರಿಸಿದಾಗ ಹೀಗಾಗುತ್ತದೆ. ಆಗ ಯಾವ ಊರು ಹೆಚ್ಚು ಅಸಮಾನ ಅನ್ನುವುದು ನೀವು ಆರಿಸಿಕೊಂಡ ಅಳತೆಯ ಮೇಲೆ ನಿಲ್ಲುತ್ತದೆ.

ಅದಕ್ಕೇ ಗಿನಿ ಜೊತೆ ಪಾಲುಗಳನ್ನೂ ಕೊಡಿ. ಪಾಲ್ಮಾ ಅನುಪಾತ ಸುಲಭ: ಮೇಲಿನ ಶೇ. 10ರ ಪಾಲನ್ನು ಕೆಳಗಿನ ಶೇ. 40ರ ಪಾಲಿನಿಂದ ಭಾಗಿಸಿದರೆ ಆಯಿತು. ಇದರ ಹಿಂದೆ ಚಿಲಿಯ ಅರ್ಥಶಾಸ್ತ್ರಜ್ಞ ಹೋಸೆ ಗಾಬ್ರಿಯೆಲ್ ಪಾಲ್ಮಾ ಗಮನಿಸಿದ ಒಂದು ಸಂಗತಿ ಇದೆ. ನಡುವಿನ ಶೇ. 50ರಷ್ಟು ಜನ ಬಹಳಷ್ಟು ದೇಶಗಳಲ್ಲಿ ಸುಮಾರು ಅರ್ಧ ಆದಾಯ ಪಡೆಯುತ್ತಾರೆ. ನಿಜವಾದ ಎಳೆದಾಟ ಎರಡು ತುದಿಗಳ ನಡುವೆ. ಹಳ್ಳಿಯ ಸಭೆಯಲ್ಲಿ ಹೇಳಲು ಗಿನಿಗಿಂತ ಪಾಲ್ಮಾ ಒಳ್ಳೆಯದು, ಕೇಳಿದವರಿಗೆ ತಕ್ಷಣ ತಿಳಿಯುತ್ತದೆ.

ಮೇಲಿನ ಶೇ. 1 ಜನರ ಆದಾಯ ಇಷ್ಟು ಅಂತ ಹೇಗೆ ಗೊತ್ತಾಗುತ್ತೆ? ಅವರು ಸಮೀಕ್ಷೆಗೆ ಸಿಗಲ್ಲ ಅಂದ್ರಲ್ಲ?

ತೆರಿಗೆ ದಾಖಲೆಯಿಂದ. ಅಮೆರಿಕದಲ್ಲಿ ಸೈಮನ್ ಕುಜ್ನೆಟ್ಸ್ 1953ರಲ್ಲಿ ಈ ದಾರಿ ತೋರಿಸಿದರು. ಭಾರತದಲ್ಲಿ 1922ರಿಂದ ಈಚಿನ ಆದಾಯ ತೆರಿಗೆ ಕೋಷ್ಟಕಗಳನ್ನು ಬಳಸಿ ಅಭಿಜಿತ್ ಬ್ಯಾನರ್ಜಿ ಮತ್ತು ಥಾಮಸ್ ಪಿಕೆಟಿ 2005ರಲ್ಲಿ ಲೆಕ್ಕ ಕೊಟ್ಟರು. 2024ರ ಇನ್ನೊಂದು ಅಧ್ಯಯನದ ಪ್ರಕಾರ 2022-23ರಲ್ಲಿ ಮೇಲಿನ ಶೇ. 1ರವರ ಪಾಲು ಆದಾಯದಲ್ಲಿ ಶೇ. 22.6, ಸಂಪತ್ತಿನಲ್ಲಿ ಶೇ. 40.1.

ತೆರಿಗೆ ಇಲಾಖೆ ಕೊಡುವುದು ಕೋಷ್ಟಕ: ಇಷ್ಟರಿಂದ ಇಷ್ಟು ಲಕ್ಷದವರೆಗೆ ಇಷ್ಟು ಜನ. ನಡುವಿನ ಖಾಲಿ ಜಾಗ ತುಂಬಲು ಇಟಲಿಯ ವಿಲ್ಫ್ರೆಡೊ ಪರೇಟೊ 1890ರ ದಶಕದಲ್ಲಿ ಕಂಡುಕೊಂಡ ನಿಯಮ ಬೇಕು. ಮೇಲಿನ ತುದಿಯಲ್ಲಿ ಒಂದು ವಿಶೇಷ ಇದೆ. ಮೇಲೆ ಹೋದಂತೆ ಜನರ ಸಂಖ್ಯೆ ಎಷ್ಟು ಬೇಗ ಇಳಿಯುತ್ತದೆ ಅಂತ ಹೇಳುವ ಸಂಖ್ಯೆ ಪರೇಟೊ ಗುಣಾಂಕ. ಅದು 2 ಆಗಿದ್ದರೆ, 50 ಲಕ್ಷ ದಾಟಿದವರ ಸರಾಸರಿ ಆದಾಯ ಒಂದು ಕೋಟಿ. ಒಂದು ಕೋಟಿ ದಾಟಿದವರ ಸರಾಸರಿ ಎರಡು ಕೋಟಿ. ಎಲ್ಲಿ ಗೆರೆ ಎಳೆದರೂ ಸರಾಸರಿ ಅದರ ಎರಡು ಪಟ್ಟು. ಗುಣಾಂಕ 1.5ಕ್ಕೆ ಇಳಿದರೆ ಮೂರು ಪಟ್ಟು. ಗುಣಾಂಕ ಚಿಕ್ಕದಾದಷ್ಟೂ ಅಸಮಾನತೆ ದೊಡ್ಡದು ಅನ್ನುವುದನ್ನು ಮರೆಯಬೇಡಿ.

ಇದರಲ್ಲೂ ತೂತುಗಳಿವೆ. ಕೃಷಿ ಆದಾಯಕ್ಕೆ ಕೇಂದ್ರದ ತೆರಿಗೆ ಇಲ್ಲ, ಹಾಗಾಗಿ ದೊಡ್ಡ ತೋಟಗಳ ಆದಾಯ ಪೂರ್ತಿ ಕಾಣುವುದಿಲ್ಲ. ಷೇರು ಮಾರದೆ ಇಟ್ಟುಕೊಂಡರೆ ಏರಿದ ಬೆಲೆ ಆದಾಯ ಅನ್ನಿಸಿಕೊಳ್ಳುವುದಿಲ್ಲ. ಮೇಲಿನ ಪಾಲಿನ ಅಂದಾಜು ಹೆಚ್ಚಾಯಿತು ಅಂತ ದೂರುವವರು ಈ ಎರಡನ್ನೂ ಗಮನಿಸಬೇಕು.

ಕರ್ನಾಟಕದಲ್ಲಿ ಬೆಂಗಳೂರು–ಕಲಬುರಗಿ ಅಂತರವೇ ಎಲ್ಲದರ ಮೂಲ ಅಂತಾರೆ. ಪ್ರದೇಶದ ಪಾಲು ಎಷ್ಟು ಅಂತ ಬಿಡಿಸಿ ಅಳೆಯೋಕಾಗುತ್ತಾ?

ಆಗುತ್ತದೆ. ಅದಕ್ಕೆ ಗಿನಿ ಸರಿಹೊಂದುವುದಿಲ್ಲ, ಥೀಲ್ ಸೂಚ್ಯಂಕ ಬೇಕು. ಡಚ್ ಅರ್ಥಶಾಸ್ತ್ರಜ್ಞ ಹೆನ್ರಿ ಥೀಲ್ 1967ರಲ್ಲಿ ಇದನ್ನು ಕೊಟ್ಟರು. ಪ್ರತಿ ಮನೆಯ ಆದಾಯವನ್ನು ಸರಾಸರಿಯಿಂದ ಭಾಗಿಸಿ, ಬಂದದ್ದನ್ನು ಅದರದೇ ಸಹಜ ಲಾಗರಿದಮ್‌ನಿಂದ (ln) ಗುಣಿಸಿ, ಎಲ್ಲದರ ಸರಾಸರಿ ತೆಗೆದರೆ ಥೀಲ್. ನಮ್ಮ ಬೀದಿಯದ್ದು 0.155. ಈಗ ಮೊದಲ ಮೂರು ಮನೆ ಹಳ್ಳಿಯವು, ಕೊನೆಯ ಎರಡು ಪಟ್ಟಣದವು ಅಂದುಕೊಳ್ಳಿ. ಎರಡು ಗುಂಪಿನ ನಡುವಿನ ಭಾಗ 0.127, ಗುಂಪುಗಳ ಒಳಗಿನ ಭಾಗ 0.028. ಕೂಡಿದರೆ ಮತ್ತೆ 0.155. ಶೇ. 82ರಷ್ಟು ಅಸಮಾನತೆ ಹಳ್ಳಿ–ಪಟ್ಟಣದ ನಡುವಿನದ್ದು ಅಂತ ಧೈರ್ಯವಾಗಿ ಹೇಳಬಹುದು. ಗಿನಿಯನ್ನು ಹೀಗೆ ಬಿಡಿಸಿದರೆ ಯಾವ ಗುಂಪಿಗೂ ಸೇರದ ಒಂದು ತುಂಡು ಉಳಿದುಬಿಡುತ್ತದೆ.

ನಿಜ ಜೀವನದಲ್ಲಿ ಲೆಕ್ಕ ಹೀಗೆ ಬರುವುದಿಲ್ಲ. 2022-23ರಲ್ಲಿ ಕರ್ನಾಟಕದ ಹಳ್ಳಿಗಳಲ್ಲಿ ತಲಾ ಮಾಸಿಕ ಖರ್ಚು 4,397 ರೂಪಾಯಿ, ಪಟ್ಟಣಗಳಲ್ಲಿ 7,666. ಅಂತರ ದೊಡ್ಡದೇ. ಆದರೂ ಭಾರತದ ಖರ್ಚಿನ ದತ್ತಾಂಶವನ್ನು ಹಳ್ಳಿ–ಪಟ್ಟಣ ಅಂತಲೋ ರಾಜ್ಯವಾರು ಅಂತಲೋ ಬಿಡಿಸಿದಾಗ ಗುಂಪಿನ ಒಳಗಿನ ಪಾಲೇ ಬಹಳ ಜಾಸ್ತಿ ಬರುತ್ತದೆ. ಅಂದರೆ ಬೆಂಗಳೂರಿನ ಒಳಗಿನ ಅಸಮಾನತೆ, ಕಲಬುರಗಿಯ ಒಳಗಿನ ಅಸಮಾನತೆ ಎರಡನ್ನೂ ಮರೆಯುವಂತಿಲ್ಲ.

ಇಲ್ಲಿ ಇನ್ನೊಂದು ಎಚ್ಚರ. ಜಿಲ್ಲಾವಾರು ತಲಾ ಆದಾಯದ ಪಟ್ಟಿಯಲ್ಲಿ ಬೆಂಗಳೂರು ನಗರ ಮೇಲೆ, ಕಲಬುರಗಿ ಕೆಳಗೆ ಇರುತ್ತದೆ. ಆದರೆ ಅದು ಆ ಜಿಲ್ಲೆಯಲ್ಲಿ ಹುಟ್ಟಿದ ಉತ್ಪನ್ನದ ಲೆಕ್ಕ. ಕಂಪನಿಗಳ ಲಾಭವೂ ಅದರಲ್ಲಿ ಸೇರಿದೆ. ಅಲ್ಲಿನ ಮನೆಗಳ ಕೈಗೆ ಬಂದ ಹಣ ಅಲ್ಲ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ಮಾಡಿದ್ದು ಮತ್ತೂ ಬೇರೆ ಕೆಲಸ. ಆಗಿನ 175 ತಾಲ್ಲೂಕುಗಳಿಗೆ 35 ಸೂಚಕಗಳ ಅಂಕ ಕೊಟ್ಟು 114 ತಾಲ್ಲೂಕು ಹಿಂದುಳಿದಿವೆ ಅಂತ ಗುರುತಿಸಿತು. ಅದು ಪ್ರದೇಶಗಳ ಅಭಿವೃದ್ಧಿಯ ಅಳತೆ. ಅದನ್ನು ಆದಾಯದ ಅಸಮಾನತೆ ಅಂತ ಉಲ್ಲೇಖಿಸಬೇಡಿ.

ಬಡವರ ಕಷ್ಟಕ್ಕೆ ಜಾಸ್ತಿ ತೂಕ ಕೊಡುವ ಅಳತೆ ಇಲ್ವಾ?

ಇದೆ. ಬ್ರಿಟನ್ನಿನ ಆಂಟನಿ ಅಟ್ಕಿನ್ಸನ್ 1970ರಲ್ಲಿ ಕೊಟ್ಟದ್ದು. ಅದರಲ್ಲಿ ಎಪ್ಸಿಲಾನ್ ಅನ್ನುವ ಸಂಖ್ಯೆಯನ್ನು ನೀವೇ ಆರಿಸಬೇಕು. ಅದು ಹೆಚ್ಚಿದಷ್ಟೂ ಕೆಳಗಿನವರಿಗೆ ತೂಕ ಜಾಸ್ತಿ. ನಮ್ಮ ಬೀದಿಯಲ್ಲಿ ಎಪ್ಸಿಲಾನ್ 1 ಇಟ್ಟರೆ ಉತ್ತರ 0.148. ಅರ್ಥ ಹೀಗೆ: ಎಲ್ಲರಿಗೂ ಸಮವಾಗಿ ಸುಮಾರು 17,050 ಸಿಕ್ಕಿದ್ದರೂ ಈಗಿನ 20,000 ಸರಾಸರಿಯಷ್ಟೇ ಒಳಿತು ಇರುತ್ತಿತ್ತು. 2 ಇಟ್ಟರೆ 0.265, ಆಗ 14,700 ಸಾಕು. ಈ ಅಳತೆ ನನಗೆ ಇಷ್ಟ. ಉಳಿದ ಅಳತೆಗಳಲ್ಲೂ ಮೌಲ್ಯದ ತೀರ್ಮಾನ ಇರುತ್ತದೆ, ಆದರೆ ಸೂತ್ರದ ಒಳಗೆ ಅಡಗಿರುತ್ತದೆ. ಇಲ್ಲಿ ಅದನ್ನು ಬಾಯಿಬಿಟ್ಟು ಹೇಳಲೇಬೇಕು.

## ಸ್ವತಃ ಲೆಕ್ಕ ಮಾಡುವವರಿಗೆ

ರೈತರ ಆದಾಯ ಕೆಲವು ಕಡೆ ಮೈನಸ್ ಬಂದಿದೆ. ಆ ಮನೆಗಳನ್ನು ತೆಗೆದುಬಿಡಲಾ?

ದಯವಿಟ್ಟು ಸುಮ್ನೆ ತೆಗೆಯಬೇಡಿ. ಬೆಲೆ ಕುಸಿದ ವರ್ಷ ಟೊಮೆಟೊ, ಈರುಳ್ಳಿ ಬೆಳೆದವರ ಲೆಕ್ಕ ನಿಜವಾಗಿಯೂ ಸೊನ್ನೆಗಿಂತ ಕೆಳಗೆ ಹೋಗುತ್ತದೆ. ಆದರೆ ಮೈನಸ್ ಸಂಖ್ಯೆಗೆ ಲಾಗರಿದಮ್ ಇಲ್ಲ, ಥೀಲ್ ಕೈಕೊಡುತ್ತದೆ. ಗಿನಿ 1ನ್ನೂ ದಾಟಬಹುದು. ಸಾಧ್ಯವಾದರೆ ಎರಡು–ಮೂರು ವರ್ಷದ ಸರಾಸರಿ ಆದಾಯ ಬಳಸಿ. ಆಗದಿದ್ದರೆ ಮೈನಸ್ ಇಟ್ಟು ಒಂದು ಗಿನಿ, ಸೊನ್ನೆ ಮಾಡಿ ಇನ್ನೊಂದು ಗಿನಿ, ಎರಡನ್ನೂ ಕೊಡಿ. ಎಷ್ಟು ಮನೆಗಳಲ್ಲಿ ನಷ್ಟ ಇತ್ತು ಅಂತಲೂ ಬರೆಯಿರಿ. ಆ ಸಂಖ್ಯೆಯೇ ಒಂದು ಮುಖ್ಯ ಫಲಿತಾಂಶ.

ಮನೆ ಆದಾಯವನ್ನು ತಲೆಗೆ ಹಂಚಬೇಕಾ, ಹಾಗೇ ಬಿಡಬೇಕಾ?

ಹಾಗೇ ಬಿಡಬೇಡಿ. 8,000ದ ಮನೆಯಲ್ಲಿ ಇಬ್ಬರು, 25,000ದ ಮನೆಯಲ್ಲಿ ಎಂಟು ಜನ ಇದ್ದರೆ ತಲೆಗೆ 4,000 ಮತ್ತು 3,125. ಕ್ರಮವೇ ತಿರುಗಿತು. ಆದರೆ ಎಂಟು ಜನರಿಗೆ ಅಡುಗೆಮನೆ ಒಂದೇ, ಬಾಡಿಗೆ ಒಂದೇ. ಅದಕ್ಕೆ ಕೆಲವರು ಸದಸ್ಯರ ಸಂಖ್ಯೆಯ ವರ್ಗಮೂಲದಿಂದ ಭಾಗಿಸುತ್ತಾರೆ. ಆಗ 5,657 ಮತ್ತು 8,839, ಕ್ರಮ ಮತ್ತೆ ಮೊದಲಿನಂತೆ. ನಮ್ಮ ಸಮೀಕ್ಷೆಗಳಲ್ಲಿ ತಲಾ ಲೆಕ್ಕವೇ ರೂಢಿ. ಹೊರದೇಶದ ಅಂಕಿ ಜೊತೆ ಹೋಲಿಸುವಾಗ ಅವರು ಯಾವುದನ್ನು ಬಳಸಿದ್ದಾರೆ ನೋಡಿ.

ಎಕ್ಸೆಲ್‌ನಲ್ಲಿ ಮಾಡಿದ ಗಿನಿ ವರದಿಯ ಗಿನಿಗೆ ಹೊಂದ್ತಾ ಇಲ್ಲ. ಎಲ್ಲಿ ತಪ್ಪಿದೆ?

ಹತ್ತಕ್ಕೆ ಎಂಟು ಸಲ ತೂಕ ಮರೆತಿರುತ್ತಾರೆ. ಸಮೀಕ್ಷೆಯ ಪ್ರತಿ ಮನೆ ಬೇರೆ ಬೇರೆ ಸಂಖ್ಯೆಯ ಮನೆಗಳನ್ನು ಪ್ರತಿನಿಧಿಸುತ್ತದೆ. ದತ್ತಾಂಶದ ಜೊತೆ ಕೊಡುವ ಗುಣಕವನ್ನು ಮನೆಯ ಸದಸ್ಯರ ಸಂಖ್ಯೆಯಿಂದ ಗುಣಿಸಿ ತೂಕ ಹಾಕಬೇಕು. ಇನ್ನೊಂದು ಕಾರಣ ಕೋಷ್ಟಕ. ಹತ್ತು ಗುಂಪುಗಳ ಸರಾಸರಿಯಿಂದ ಮಾಡಿದ ಗಿನಿ ನಿಜಕ್ಕಿಂತ ಕಡಿಮೆಯೇ ಬರುತ್ತದೆ, ಗುಂಪಿನ ಒಳಗಿನ ಅಂತರ ಅಲ್ಲಿ ಕಾಣುವುದಿಲ್ಲ. ಮಾದರಿ ಚಿಕ್ಕದಿದ್ದರೆ ಕೆಲವು ತಂತ್ರಾಂಶಗಳು ಒಂದು ತಿದ್ದುಪಡಿ ಹಾಕುತ್ತವೆ. ನಮ್ಮ ಐದು ಮನೆಗೆ ಅದು 0.308 ಅನ್ನು 0.385 ಮಾಡುತ್ತದೆ. ಲಕ್ಷ ಮನೆಗಳಿದ್ದರೆ ಇದರಿಂದ ವ್ಯತ್ಯಾಸವೇ ಆಗುವುದಿಲ್ಲ.

0.31 ಇದ್ದದ್ದು 0.30 ಆಗಿದೆ. ಇಳಿದಿದೆ ಅನ್ನಬಹುದಾ?

ದೋಷದ ಅಂತರ ನೋಡದೆ ಅನ್ನಬೇಡಿ. ಈಗ ಬೂಟ್‌ಸ್ಟ್ರ್ಯಾಪ್ ವಿಧಾನ ಸುಲಭ. ಇದ್ದ ಮಾದರಿಯಿಂದಲೇ ಮತ್ತೆ ಮತ್ತೆ ಮಾದರಿ ತೆಗೆದು ಸಾವಿರ ಗಿನಿ ಲೆಕ್ಕ ಹಾಕಿ, ನಡುವಿನ ಶೇ. 95 ಎಲ್ಲಿಂದ ಎಲ್ಲಿಯವರೆಗೆ ಇದೆ ನೋಡಿ. ಹೀಗೆ ಮತ್ತೆ ಆರಿಸುವಾಗ ಒಂದೊಂದೇ ಮನೆಯನ್ನು ಆರಿಸದೆ, ಸಮೀಕ್ಷೆಯಲ್ಲಿ ಬಂದ ಹಳ್ಳಿ ಅಥವಾ ಬ್ಲಾಕನ್ನೇ ಇಡಿಯಾಗಿ ಆರಿಸಬೇಕು. ಒಂದೇ ಹಳ್ಳಿಯ ಮನೆಗಳಲ್ಲಿ ಹೋಲಿಕೆ ಹೆಚ್ಚು, ಅದನ್ನು ಮರೆತರೆ ದೋಷ ಸಣ್ಣದಾಗಿ ಕಾಣುತ್ತದೆ. ಕಂಪ್ಯೂಟರ್ ಇಲ್ಲದ ಕಾಲದಲ್ಲೇ ಸಂಖ್ಯಾಶಾಸ್ತ್ರಜ್ಞ ಪಿ.ಸಿ. ಮಹಲನೋಬಿಸ್ ಇದಕ್ಕೊಂದು ದಾರಿ ಮಾಡಿದ್ದರು. ಒಂದೇ ಪ್ರದೇಶದಲ್ಲಿ ಎರಡು ಸ್ವತಂತ್ರ ಉಪಮಾದರಿ ತೆಗೆದು ಎರಡಕ್ಕೂ ಬೇರೆ ಬೇರೆ ಲೆಕ್ಕ ಹಾಕಿಸುತ್ತಿದ್ದರು. ಎರಡು ಉತ್ತರಗಳ ನಡುವಿನ ಅಂತರವೇ ದೋಷದ ಅಂದಾಜು. ಸರಳ, ಪ್ರಾಮಾಣಿಕ ವಿಧಾನ.

ಎಲ್ಲರ ಆದಾಯ ದುಪ್ಪಟ್ಟಾದ್ರೂ ಗಿನಿ ಬದಲಾಗಲ್ಲವಂತೆ. ಇದು ನ್ಯಾಯನಾ?

ನ್ಯಾಯವಾದ ಪ್ರಶ್ನೆ. 10,000 ಮತ್ತು 1,00,000 ಇದ್ದದ್ದು 20,000 ಮತ್ತು 2,00,000 ಆದರೆ ಗಿನಿ ಅಷ್ಟೇ. ಆದರೆ ಇಬ್ಬರ ನಡುವಿನ ಅಂತರ 90,000ದಿಂದ 1,80,000ಕ್ಕೆ ಏರಿತು. ಸೈಟು ಕೊಳ್ಳಲು, ಮಕ್ಕಳ ಸೀಟಿಗೆ ಇಬ್ಬರೂ ಒಂದೇ ಮಾರುಕಟ್ಟೆಗೆ ಹೋಗುತ್ತಾರೆ. ಅಲ್ಲಿ ಕೆಲಸ ಮಾಡುವುದು ಈ ರೂಪಾಯಿ ಅಂತರವೇ. ಅದನ್ನು ಪರಿಗಣಿಸುವ ಅಳತೆಗಳಿಗೆ ನಿರಪೇಕ್ಷ ಅಳತೆ ಅನ್ನುತ್ತಾರೆ. ಗಿನಿಯನ್ನು ಸರಾಸರಿ ಆದಾಯದಿಂದ ಗುಣಿಸಿದರೆ ಅಂಥದೊಂದು ಸಿಗುತ್ತದೆ. ಬೆಲೆ ಏರಿಕೆ ಕಳೆದ ಮೇಲೆ ಮಾತ್ರ ಲೆಕ್ಕ ಹಾಕಿ.

ದತ್ತಾಂಶ ಎಲ್ಲಿ ಸಿಗುತ್ತೆ? ನಮ್ಮ ತಾಲ್ಲೂಕಿನ ಗಿನಿ ತೆಗೀಬಹುದಾ?

ಬಳಕೆ ವೆಚ್ಚ ಸಮೀಕ್ಷೆಯ ಮನೆವಾರು ದತ್ತಾಂಶ ಅಂಕಿಅಂಶ ಸಚಿವಾಲಯದ ಜಾಲತಾಣದಲ್ಲಿ ಉಚಿತವಾಗಿ ಸಿಗುತ್ತದೆ. ಆರ್ (R) ಅಥವಾ ಪೈಥಾನ್ ಅನ್ನುವ ಕಂಪ್ಯೂಟರ್ ಭಾಷೆ ಬಂದರೆ ಲೆಕ್ಕ ಕಷ್ಟವಲ್ಲ. ಆದರೆ ತಾಲ್ಲೂಕಿನ ಗಿನಿ ತೆಗೆಯಬೇಡಿ. ಈ ಸಮೀಕ್ಷೆಯನ್ನು ಕಟ್ಟಿರುವುದು ರಾಜ್ಯದ ಮಟ್ಟದ ಅಂದಾಜಿಗೆ. ಒಂದು ತಾಲ್ಲೂಕಿನಲ್ಲಿ ಬೀಳುವ ಮನೆಗಳು ತೀರಾ ಕಡಿಮೆ, ಒಂದು ದೊಡ್ಡ ಮನೆ ಬಂದರೂ ಬಿಟ್ಟರೂ ಉತ್ತರ ಎಲ್ಲಿಂದ ಎಲ್ಲಿಗೋ ಹೋಗುತ್ತದೆ. ನಿಮ್ಮ ತಾಲ್ಲೂಕಿನ ಬಗ್ಗೆಯೇ ಹೇಳಬೇಕಾದರೆ ನೀವೇ ಒಂದು ಸಣ್ಣ ಸಮೀಕ್ಷೆ ಮಾಡಿ. ಹಳ್ಳಿಗಳನ್ನು ಚೀಟಿ ಎತ್ತಿ ಆರಿಸಿ. ಪ್ರತಿ ಹಳ್ಳಿಯಲ್ಲಿ ಜಮೀನಿನ ಪ್ರಕಾರ ಮನೆಗಳ ಪಟ್ಟಿ ಮಾಡಿ, ದೊಡ್ಡ ಹಿಡುವಳಿದಾರರ ಪಟ್ಟಿಯಿಂದ ತಪ್ಪದೆ ಹೆಚ್ಚು ಮನೆ ತೆಗೆದುಕೊಳ್ಳಿ. ಲೆಕ್ಕ ಹಾಕುವಾಗ ಅವರ ತೂಕ ಅಷ್ಟೇ ಇಳಿಸಿ. ಬಾಗಿಲು ತೆರೆಯದ ಮನೆಗಳೆಷ್ಟು ಅಂತ ವರದಿಯ ಮೊದಲ ಪುಟದಲ್ಲೇ ಬರೆಯಿರಿ.